ಮೂರನೇ ಸಾಲು, ಏಳನೇ ಗೂಡಿನ ಗುಂಡಿ

ಗುರುತಿನ ಚೀಟಿಯಲ್ಲಿ ಉದ್ದನೆಯ ಹೆಸರಿದ್ದರೂ ಬಸ್ ನಿಲ್ದಾಣದ ಹದಿನಾರು ಪ್ಲಾಟ್‌ಫಾರಂಗಳಲ್ಲೂ ಗುಡುಗಣ್ಣ ಎಂದೇ ಕರೆಸಿಕೊಳ್ಳುವ, ವಯಸ್ಸು 58 ವರ್ಷ, ಉದ್ಯೋಗ ನಿಲ್ದಾಣದ ಕಳೆದುಹೋದ ವಸ್ತುಗಳ ಕೊಠಡಿಯ ಮೇಲ್ವಿಚಾರಕ, ವಾಸ ನಿಲ್ದಾಣದ ಹಿಂದಿನ ನೌಕರರ ವಸತಿಗೃಹ, ಎರಡನೇ ಮಹಡಿ, ಮನೆ ನಂಬರ್ 11, ಆದ ನಾನು ಈ ದಿನ ಪೊಲೀಸ್ ಹೊರಠಾಣೆಯ ಬೆಂಚಿನ ಮೇಲೆ ಕುಳಿತು, ಯಾರ ಒತ್ತಾಯವೂ ಇಲ್ಲದೆ ಈ ಮೂಲಕ ತಿಳಿಸುವುದೇನೆಂದರೆ,

ಈ ಹೇಳಿಕೆ ಒಂದು ಮರದ ಪೆಟ್ಟಿಗೆಯ ಬಗ್ಗೆ ಇರುತ್ತದೆ. ಕಣ್ಣು ಪರೀಕ್ಷೆ ಮಾಡುವ ಗಾಜುಗಳ ಪೆಟ್ಟಿಗೆ. ಅದರ ನಿಜವಾದ ಒಡತಿಗೆ ನಾನು ಒಮ್ಮೆ ಇಲ್ಲವೆಂದೆನು. ಕಳ್ಳನ ಕೈಗೆ ಕೊಡಲು ಒಂದು ಸಹಿ ಮಾತ್ರ ಬಾಕಿ ಇತ್ತು. ನಾಳೆ ಬೆಳಿಗ್ಗೆ 8 ಗಂಟೆಗೆ ಆ ಪೆಟ್ಟಿಗೆಗಾಗಿ ಒಂದು ಕಾರ್ಖಾನೆಯಲ್ಲಿ 118 ಜನ ಸಾಲಾಗಿ ನಿಲ್ಲಲಿದ್ದಾರೆ. ಆದ್ದರಿಂದ ಒಂದನ್ನೂ ಮುಚ್ಚಿಡದೆ ಹೇಳುತ್ತೇನೆ.

ನಾನು ಸದರಿ ಕೊಠಡಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕೆಲಸ ಮಾಡಿಕೊಂಡಿರುತ್ತೇನೆ. ಅದಕ್ಕೆ ಮೊದಲು ಹದಿನಾಲ್ಕು ವರ್ಷ ನಮ್ಮ ತಂದೆಯವರ ನಾಟಕ ಮಂಡಳಿಯಲ್ಲಿ ಇದ್ದೆನು. ರಾಜನ ಪಾತ್ರಕ್ಕೆ ನಮ್ಮಣ್ಣ ಇದ್ದ, ರಾಣಿಗೆ ಚಿಕ್ಕಮ್ಮ ಇದ್ದರು, ನನ್ನ ಪಾಲಿಗೆ ಉಳಿದದ್ದು ದ್ವಾರಪಾಲಕ. ಈಟಿ ಹಿಡಿದು, ಯಾರಲ್ಲಿ, ನಿಲ್ಲು ಎಂದು ಕಟ್ಟಕಡೆಯ ಬೆಂಚಿನವರ ಎದೆ ನಡುಗುವಂತೆ ಗುಡುಗುವುದು ನನ್ನ ಕೆಲಸ. ಇಲ್ಲಿ ಠಾಣಾ ಬರಹಗಾರರು ಪೆನ್ನು ಎತ್ತಿ, ಇದೆಲ್ಲ ಕೇಸಿಗೆ ಬೇಕೇ ಎಂದು ಕೇಳಿದರು. ಬೇಕು, ಮುಂದೆ ನಿಮಗೇ ಗೊತ್ತಾಗುತ್ತದೆ ಎಂದು ಹೇಳಿದ ಮೇಲೆ ಬರೆದುಕೊಂಡಿರುತ್ತಾರೆ.

ಕೊಠಡಿಯು ಹದಿನಾಲ್ಕು ಅಡಿ ಉದ್ದ, ಹನ್ನೊಂದು ಅಡಿ ಅಗಲ ಇದೆ. ಮೂರು ಗೋಡೆಗೂ ಕಬ್ಬಿಣದ ಕಪಾಟು. ಹಿಂಬದಿಗೆ ಒಂದು ಕಿಟಕಿ ಇದೆ, ಅದರ ಮುಂದೆ ಈ ದಿನಕ್ಕೆ ಅರವತ್ತೊಂದು ಛತ್ರಿಗಳು ನಿಂತಿರುವುದರಿಂದ ಹಗಲಲ್ಲೂ ಬೆಳಕು ಒಳಗೆ ಬರಲು ಅಪ್ಪಣೆ ಕೇಳಬೇಕು. ಮೇಜಿನ ಮೇಲೆ ಕಂಪ್ಯೂಟರ್ ಇರುತ್ತದೆ. ಬಸ್ಸಿನಲ್ಲಿ ಸಿಕ್ಕ ವಸ್ತುವನ್ನು ಕಂಡಕ್ಟರ್ ತಂದುಕೊಟ್ಟ ಕೂಡಲೇ ನಾನು ಇಲಾಖೆಯ ಪುಟದಲ್ಲಿ ದಾಖಲಿಸಬೇಕು. ಜನರಿಗೆ ಕಾಣುವ ಕಡೆ ಚುಟುಕಾಗಿ, ಛತ್ರಿ ಒಂದು, ಕಪ್ಪು, ಎಂದಷ್ಟೇ ಬರೆಯುತ್ತೇವೆ. ಇನ್ನೊಂದು ಕಡೆ ಗುಟ್ಟಿನ ಗುರುತು ಎಂಬ ಖಾನೆ ಇದೆ. ಅದು ನಾನು ಪಾಸ್‌ವರ್ಡ್ ಹಾಕಿ ಒಳಗೆ ಹೋದರೆ ನನಗೊಬ್ಬನಿಗೇ ಕಾಣುತ್ತದೆ. ವಸ್ತು ಕೇಳಿಕೊಂಡು ಬಂದವರು ಆ ಗುರುತನ್ನು ತಾವಾಗಿಯೇ ಹೇಳಬೇಕು. ನಾನು ಬಾಯಿ ಬಿಡಬಾರದು. ಮೂರು ಅಂಶ ಬರೆದಿದ್ದರೆ ಮೂರಕ್ಕೆ ಮೂರೂ ಹೊಂದಬೇಕು, ಎರಡು ಹೊಂದಿದರೆ ಇಲ್ಲ. ಈ ನಿಯಮವನ್ನು ಮಾಡಿದವನು ನಾನೇ. ಇಪ್ಪತ್ತೆರಡು ವರ್ಷದಲ್ಲಿ ಒಂದು ಕರವಸ್ತ್ರವೂ ತಪ್ಪು ಕೈಗೆ ಹೋಗಿಲ್ಲವೆಂದು ಈ ತಿಂಗಳ ಒಂದನೇ ತಾರೀಖಿನವರೆಗೆ ಎದೆ ತಟ್ಟಿ ಹೇಳುತ್ತಿದ್ದೆನು.

ಗುಟ್ಟಿನ ಗುರುತನ್ನು ಬರೆಯುವುದರಲ್ಲಿ ನನಗೊಂದು ಚಟ ಇದೆ, ಅದನ್ನೂ ಹೇಳಿಬಿಡುತ್ತೇನೆ. ಕಡ್ಡಿ ಬಾಗಿದೆ ಎಂದು ಬರೆದು ಸುಮ್ಮನಿರಲು ನನ್ನಿಂದಾಗದು. ಎಂಟು ಪಕ್ಕೆಲುಬಿನ ಸೇನಾಪತಿ, ಎಡಗಡೆಯ ಒಂದು ಪಕ್ಕೆಲುಬು ಯುದ್ಧದಲ್ಲಿ ಬಾಗಿದೆ, ಎಂದು ಬರೆಯುತ್ತೇನೆ. ಮೇಲಧಿಕಾರಿಗಳು ಹೋದ ವರ್ಷ ತಪಾಸಣೆಗೆ ಬಂದಾಗ ಇದನ್ನು ಓದಿ, ಇದು ಕಚೇರಿಯೋ ರಂಗಮಂಟಪವೋ ಎಂದು ಬೈದಿದ್ದರು. ಯಾರಿಗೂ ಕಾಣದ ಖಾನೆ ತಾನೇ ಸ್ವಾಮಿ ಎಂದು ನಾನು ಕೈಮುಗಿದಿದ್ದೆನು.

ಹೀಗಿರುವಾಗ ಈ ತಿಂಗಳ 1ನೇ ತಾರೀಖು ಸೋಮವಾರ ಬೆಳಿಗ್ಗೆ 11-40ರ ಸಮಯದಲ್ಲಿ ನಾನು ಫೋನಿನ ಚಾರ್ಜರ್ ಕೊಳ್ಳಲು ನಾಲ್ಕನೇ ಪ್ಲಾಟ್‌ಫಾರಂ ಎದುರಿನ ಮೊಬೈಲ್ ರಿಪೇರಿ ಅಂಗಡಿಗೆ ಹೋಗಿದ್ದೆನು. ಅಂಗಡಿಯವನಿಗೆ ಸುಮಾರು 40 ವರ್ಷ. ಮುದುಕರ ಚೀಲ ಹೊತ್ತುಕೊಡುತ್ತಾನೆ, ಕಂಡಕ್ಟರುಗಳ ಫೋನು ಪುಕ್ಕಟೆಯಾಗಿ ಒರೆಸಿಕೊಡುತ್ತಾನೆ, ಹಾಗಾಗಿ ನಿಲ್ದಾಣದಲ್ಲಿ ಎಲ್ಲರೂ ಅವನನ್ನು ಉಪಕಾರಿ ಎನ್ನುತ್ತಾರೆ. ನಾನು ಚಾರ್ಜರಿನ ಡಬ್ಬಿಯನ್ನು ಮೂಗಿಗೆ ಹಿಡಿದು ಓದುತ್ತಿದ್ದುದನ್ನು ಕಂಡು ಅವನು, ಏನ್ ದೊಡ್ಡಪ್ಪ, ಡಬ್ಬೀನ ಮೂಸಿ ನೋಡಿ ತಗೋತೀರೋ ಹೇಗೆ ಎಂದು ತಮಾಷೆ ಮಾಡಿದನು. ಅಕ್ಷರ ಮಂಜಾಗಿದೆ ಕಣಪ್ಪ, ಕಚೇರಿಯ ಪುಟದಲ್ಲೂ ಇರುವೆ ಸಾಲು ಹೋದಂತೆ ಕಾಣುತ್ತದೆ ಎಂದು ನಾನು ಹೇಳಿದೆನು. ಅದಕ್ಕೊಂದು ಉಪಾಯ ಇದೆ, ಬನ್ನಿ ಎಂದು ಅಂಗಡಿಯನ್ನು ಅರ್ಧ ಎಳೆದು ನನ್ನ ಜೊತೆ ಕೊಠಡಿಗೆ ಬಂದನು. ಆಗ ಸಮಯ 12-05.

ಅವನು ನನ್ನ ಕಂಪ್ಯೂಟರಿನಲ್ಲಿ ಒಂದು ಪುಟ ತೆಗೆದನು. ಅದರ ನಡುವೆ ದೊಡ್ಡಕ್ಷರ ಎಂಬ ಒಂದೇ ಪದ ಇತ್ತು. ಇದಕ್ಕೆ ಬುಕ್‌ಮಾರ್ಕ್‌ಲೆಟ್ ಅಂತಾರೆ ದೊಡ್ಡಪ್ಪ, ಹಿಡಿದು ಎಳೆದು ಬ್ರೌಸರಿನ ತಲೆಯ ಮೇಲಿನ ಪಟ್ಟಿಗೆ ಬಿಡಿ ಎಂದನು. ಎಳೆದದ್ದು ನನ್ನ ಕೈ, ಬಿಟ್ಟದ್ದು ನನ್ನ ಕೈ. ಬೇರೆ ಏನನ್ನೂ ಹಾಕಿಸುವ ಹಾಗಿಲ್ಲವಲ್ಲಪ್ಪ, ಕಂಪ್ಯೂಟರ್ ವಿಭಾಗದವರು ಗದರುತ್ತಾರೆ ಎಂದು ನಾನು ಹೇಳಿದ್ದಕ್ಕೆ, ಇದನ್ನ ಹಾಕಿಸೋದೇನೂ ಇಲ್ಲ, ಪುಸ್ತಕದಲ್ಲಿ ಗುರುತಿಗೆ ಇಡೋ ಚೀಟಿ ಇದ್ದಹಾಗೆ ಅಂದನು. ನಂತರ ನಾನು ಇಲಾಖೆಯ ಪುಟಕ್ಕೆ ಪಾಸ್‌ವರ್ಡ್ ಹಾಕಲು ಹೋದಾಗ ಅವನು ತಾನಾಗಿಯೇ ಗೋಡೆಯ ಕಡೆ ತಿರುಗಿ ನಿಂತನು. ಪಾಸ್‌ವರ್ಡನ್ನ ಹೆತ್ತ ತಾಯಿ ಕೇಳಿದ್ರೂ ಹೇಳಬೇಡಿ, ನಾನು ಕೇಳಿದ್ರೂ ಹೇಳಬೇಡಿ ಎಂದು ಗೋಡೆಗೇ ಬುದ್ಧಿ ಹೇಳಿದನು. ಆ ಬೆನ್ನನ್ನು ನೋಡಿ ನಾನು ಕರಗಿಹೋದೆನು. ಇಂಥ ಮರ್ಯಾದಸ್ಥ ಇನ್ನೊಬ್ಬನಿಲ್ಲ ಎಂದುಕೊಂಡೆನು.

ಮೇಲಿನ ಪಟ್ಟಿಯ ಆ ಚೀಟಿಯನ್ನು ಒತ್ತಿದೆನು. ಅಕ್ಷರಗಳೆಲ್ಲ ಉಬ್ಬಿ ಹಲಸಿನ ಬೀಜದಷ್ಟು ದಪ್ಪವಾದವು. ಹದಿನೈದು ವರ್ಷದ ಹಿಂದಿನ ಕಣ್ಣು ವಾಪಸು ಬಂದಂತಾಯಿತು. ಆ ದಿನದಿಂದ ಪ್ರತಿದಿನ ಎಂಟು ಹತ್ತು ಸಲ ಒತ್ತಿರುತ್ತೇನೆ.

6ನೇ ತಾರೀಖು ಶನಿವಾರ ಮಧ್ಯಾಹ್ನ ಒಬ್ಬ ಹೆಂಗಸು ಬಂದು ಒಂದು ಕೈಗಡಿಯಾರದ ಗುರುತು ಹೇಳಿ ಪಡೆದುಕೊಂಡು ಹೋಗಿರುತ್ತಾಳೆ. 12ನೇ ತಾರೀಖು ಶುಕ್ರವಾರ ಟೋಪಿ ಹಾಕಿದ್ದ ಒಬ್ಬನು ಒಂದು ಕ್ಯಾಮೆರಾ ಪಡೆದುಕೊಂಡು ಹೋಗಿರುತ್ತಾನೆ. ಗಡಿಯಾರದ ಗಾಜಿನ ಮೇಲಿನ ಗೀರನ್ನು ಆ ಹೆಂಗಸು, ಮೂರು ಗಂಟೆಯ ಬಾಗಿಲಲ್ಲಿ ಗಾಯಗೊಂಡ ಯೋಧ ಎಂದು ವರ್ಣಿಸಿದ್ದಳು. ಅವು ನಾನೇ ಬರೆದ ಮಾತುಗಳು. ಆಗ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ನಾಡಿನಲ್ಲಿ ನನ್ನಂತೆ ಮಾತನಾಡುವವರು ಇನ್ನೂ ಇದ್ದಾರಲ್ಲ ಎಂದು ಸಂತೋಷವಾಯಿತು. ಮನೆಗೆ ಹೋಗಿ ಹೆಂಡತಿಗೂ ಹೇಳಿದೆನು. ನಿಮ್ಮಂಥವರು ಇನ್ನೊಬ್ಬರೇ, ಆ ಮನೆಯವರ ಗತಿ ಏನು ಎಂದು ಅವಳು ಕೇಳಿದಳು. ಈ ತಪ್ಪನ್ನು ನನ್ನದೆಂದು ಒಪ್ಪಿಕೊಂಡಿರುತ್ತೇನೆ.

ಈ ಎರಡರ ನಡುವೆ, 9ನೇ ತಾರೀಖು ಮಂಗಳವಾರ ಸಂಜೆ 6-50ಕ್ಕೆ ಒಂದು ಬಸ್ಸಿನ ಹಿಂದಿನ ಸೀಟಿನ ಕೆಳಗೆ ಸಿಕ್ಕಿತೆಂದು ಕಂಡಕ್ಟರ್ ಸದರಿ ಪೆಟ್ಟಿಗೆಯನ್ನು ತಂದುಕೊಟ್ಟನು. ಇಪ್ಪತ್ತು ಅಂಗುಲ ಉದ್ದದ ಮರದ ಪೆಟ್ಟಿಗೆ, ಒಳಗೆ ನೇರಳೆ ಬಟ್ಟೆಯ ಹಾಸು, ಸಾಲುಸಾಲಾಗಿ 232 ಸಣ್ಣ ಗೂಡುಗಳು, ಒಂದೊಂದರಲ್ಲೂ ಹಿತ್ತಾಳೆ ಅಂಚಿನ ಒಂದೊಂದು ದುಂಡು ಗಾಜು. ಒಂದು ಗೂಡಿನಲ್ಲಿ ಮಾತ್ರ ಗಾಜಿರಲಿಲ್ಲ, ಅಂಗಿಯ ಗುಂಡಿ ಇತ್ತು. ಕೊಠಡಿಯ ಟ್ಯೂಬ್‌ಲೈಟ್ ಕೆಟ್ಟು ಹಳದಿ ಬಲ್ಬು ಹಾಕಿದ್ದರು. ಆ ಬೆಳಕಿನಲ್ಲಿ ನೋಡಿ ಗುಟ್ಟಿನ ಖಾನೆಯಲ್ಲಿ ನಾನು ಬರೆದದ್ದು ಹೀಗಿರುತ್ತದೆ: ಇನ್ನೂರ ಮೂವತ್ತೆರಡು ಆಸನಗಳ ರಾಜಸಭೆ. ಅದರಲ್ಲಿ ಒಬ್ಬ ಕುರುಡ ಮಂತ್ರಿ. ಮೇಲಿನಿಂದ ಮೂರನೇ ಸಾಲು, ಎಡದಿಂದ ಏಳನೇ ಗೂಡಿನಲ್ಲಿ ಗಾಜಿನ ಬದಲು ಗುಂಡಿ. ಬಣ್ಣ ಕಾಡಿಗೆಗಪ್ಪು.

11ನೇ ತಾರೀಖು ಗುರುವಾರ ಬೆಳಿಗ್ಗೆ 10-20ಕ್ಕೆ ಸುಮಾರು 50 ವರ್ಷದ ಒಬ್ಬ ಹೆಂಗಸು ಬಂದರು. ಊರೂರು ತಿರುಗಿ ಕಣ್ಣು ಪರೀಕ್ಷೆ ಮಾಡಿ ಕನ್ನಡಕದ ನಂಬರ್ ಬರೆದುಕೊಡುವುದು ತಮ್ಮ ಕೆಲಸವೆಂದೂ, ನಿದ್ದೆಗಣ್ಣಿನಲ್ಲಿ ಇಳಿಯುವಾಗ ಪೆಟ್ಟಿಗೆ ಮರೆತೆನೆಂದೂ ಹೇಳಿದರು. ಗುರುತು ಕೇಳಿದೆನು. ಮೂರನೇ ಸಾಲಿನ ಏಳನೇ ಗೂಡಿನ ಗಾಜು ಒಡೆದುಹೋಯಿತು, ಅಲ್ಲಿ ನಮ್ಮೆಜಮಾನ್ರ ಅಂಗಿ ಗುಂಡಿ ಕಿತ್ತು ಇಟ್ಟಿದೀನಿ, ಕಡುನೀಲಿ ಬಣ್ಣ, ನಾಲ್ಕು ವರ್ಷದಿಂದ ಆ ಗುಂಡಿ ಎಲ್ಲಿ ಹೋಯ್ತು ಅಂತ ಅವರು ಹುಡುಕ್ತಾನೇ ಇದಾರೆ ಎಂದರು.

ಸಾಲು ಹೊಂದಿತು. ಗೂಡು ಹೊಂದಿತು. ಬಣ್ಣ ಹೊಂದಲಿಲ್ಲ. ಮೂರಕ್ಕೆ ಮೂರು ಇಲ್ಲವಮ್ಮಾ, ಕೊಡಲು ಬರುವುದಿಲ್ಲ ಎಂದೆನು. ಯಜಮಾನ್ರೇ, ನಿಮ್ಮ ಕಣ್ಣು ಕೊನೇ ಸಲ ಯಾವಾಗ ತೋರಿಸಿದ್ರಿ ಎಂದು ಅವರು ಕೇಳಿದರು. ನಾನು ಅದನ್ನು ಕುಹಕವೆಂದು ತಿಳಿದೆನು. ನಾಲ್ಕನೇ ಅಂಕದ ಗಂಟಲಿನಲ್ಲಿ, ನಿಯಮವೆಂದರೆ ನಿಯಮ ಎಂದು ಗುಡುಗಿದೆನು. ಎದುರಿನ ಟಿಕೆಟ್ ಕೌಂಟರಿನವರು ಎದ್ದು ನಿಂತರು. ಆಕೆ ಮಾತ್ರ ಕದಲಲಿಲ್ಲ. ಒಂದು ಚೀಟಿಯ ಮೇಲೆ ಫೋನ್ ನಂಬರ್ ಬರೆದು, 18ಕ್ಕೆ ಬೆಳಿಗ್ಗೆ ಎಂಟಕ್ಕೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ 118 ಜನಕ್ಕೆ ನೋಡಬೇಕು, ಒಂದು ಸಲ ನಂಗೆ ಜ್ವರ ಬಂದು ಮುಂದೂಡಿದ್ದಾಗಿದೆ, ಆಮೇಲೆ ಒಬ್ಬಳು ಸೂಜೀನ ಬೆರಳಿಗೇ ಹೊಡಕೊಂಡ್ಲು, ಎರಡನೇ ಸಲ ಮುಂದೂಡೋ ಮುಖ ನಂಗಿಲ್ಲ ಎಂದು ಮೆಲ್ಲಗೆ ಹೇಳಿ ಹೋದರು. ಆ ಚೀಟಿಯನ್ನು ನಾನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೆನು. ಏಕೆ ಇಟ್ಟುಕೊಂಡೆನೆಂದು ಆಗ ನನಗೆ ತಿಳಿದಿರಲಿಲ್ಲ.

ಈ ದಿನ 17ನೇ ತಾರೀಖು ಬುಧವಾರ ಬೆಳಿಗ್ಗೆ 10-35ಕ್ಕೆ ಸುಮಾರು 25 ವರ್ಷದ, ಇಸ್ತ್ರಿ ಮಾಡಿದ ಅಂಗಿಯ ಒಬ್ಬ ಯುವಕನು ಬಂದು ಕಣ್ಣಿನ ಗಾಜಿನ ಪೆಟ್ಟಿಗೆ ತನ್ನದೆಂದನು. ಗುರುತು ಹೇಳಪ್ಪ ಎಂದೆನು. ಅವನು ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು, ನನ್ನ ತಲೆಯ ಮೇಲಿನ ಕ್ಯಾಲೆಂಡರನ್ನು ನೋಡುತ್ತ, ಇನ್ನೂರ ಮೂವತ್ತೆರಡು ಆಸನಗಳ ರಾಜಸಭೆ, ಅದರಲ್ಲಿ ಒಬ್ಬ ಕುರುಡ ಮಂತ್ರಿ, ಮೇಲಿನಿಂದ ಮೂರನೇ ಸಾಲು, ಎಂದು ಶುರು ಮಾಡಿದನು. ಅಷ್ಟರಲ್ಲಿ ನನಗೆ ನಿಜವಾಗಿಯೂ ಕೆಮ್ಮು ಬಂತು. ಅವನು ನಿಲ್ಲಿಸಿದನು. ಕೆಮ್ಮು ಮುಗಿದ ಮೇಲೆ ನಿಲ್ಲಿಸಿದಲ್ಲಿಂದ ಹೇಳದೆ, ಇನ್ನೂರ ಮೂವತ್ತೆರಡು ಆಸನಗಳ ರಾಜಸಭೆ, ಎಂದು ಮೊದಲಿನಿಂದ ಎತ್ತಿಕೊಂಡನು.

ಈಗ ಬರಹಗಾರರಿಗೆ ನಾಟಕ ಮಂಡಳಿಯ ವಿಷಯ ಏಕೆ ಬೇಕಿತ್ತೆಂದು ತಿಳಿಯುತ್ತದೆ. ಅರ್ಥವಾಗದೆ ಉರುಹೊಡೆದ ನಟನನ್ನು ನಡುವೆ ತಡೆದರೆ ಅವನು ಮೊದಲಿನಿಂದಲೇ ಹೇಳಬೇಕು. ನೂರಾರು ಹೊಸಬರನ್ನು ನೋಡಿದ್ದೇನೆ. ತನ್ನ ಸ್ವಂತ ಪೆಟ್ಟಿಗೆಯನ್ನು ಯಾರೂ ಹಾಗೆ ಬಾಯಿಪಾಠ ಒಪ್ಪಿಸುವುದಿಲ್ಲ. ಖಚಿತಮಾಡಿಕೊಳ್ಳಲು ಎರಡನೇ ಸಲ ಬೇಕೆಂದೇ ತಡೆದು, ಆ ಮಂತ್ರಿ ಯಾರಪ್ಪ ಎಂದು ಕೇಳಿದೆನು. ಮಂತ್ರಿ ಪೆಟ್ಟಿಗೆ ಜೊತೇಲೇ ಬಂದಿದ್ದ ಸಾರ್ ಎಂದನು. ಮತ್ತೆ ರಾಜಸಭೆಯಿಂದ ಆರಂಭಿಸಿ ಕಾಡಿಗೆಗಪ್ಪಿನವರೆಗೆ ಒಂದೇ ಉಸಿರಿನಲ್ಲಿ ಮುಗಿಸಿದನು.

ಮೂರಕ್ಕೆ ಮೂರೂ ಹೊಂದಿತು. ನನ್ನ ನಿಯಮದ ಪ್ರಕಾರ ಪೆಟ್ಟಿಗೆ ಅವನದೇ. ನಾನು ಕಪಾಟಿನಿಂದ ಪೆಟ್ಟಿಗೆ ಇಳಿಸಿ, ಸಹಿ ಮಾಡುವ ಮೊದಲು, ಅರವತ್ತೊಂದು ಛತ್ರಿಗಳನ್ನು ಕಾಲಿನಿಂದ ಬದಿಗೆ ಸರಿಸಿ ಕಿಟಕಿಯ ಹತ್ತಿರ ಒಯ್ದು ಮುಚ್ಚಳ ತೆಗೆದೆನು. ಬಿಸಿಲು ಬಿತ್ತು. ಗುಂಡಿ ಕಪ್ಪಾಗಿರಲಿಲ್ಲ. ಕಡುನೀಲಿ ಇತ್ತು. ಆ ಯುವಕ ಹೇಳಿದ್ದು ನನ್ನ ಬರಹಕ್ಕೆ ಅಕ್ಷರಶಃ ಹೊಂದಿತ್ತು, ವಸ್ತುವಿಗೆ ಹೊಂದಿರಲಿಲ್ಲ. ಆ ಅಮ್ಮ ಹೇಳಿದ್ದು ವಸ್ತುವಿಗೆ ಹೊಂದಿತ್ತು, ನನ್ನ ಬರಹಕ್ಕೆ ಹೊಂದಿರಲಿಲ್ಲ. ಪೆಟ್ಟಿಗೆಯನ್ನು ನೋಡದೆ ನನ್ನ ತಪ್ಪನ್ನೇ ಕಂಠಪಾಠ ಮಾಡಿಬಂದವನು ನನ್ನ ಖಾನೆಯನ್ನು ಓದಿರಲೇಬೇಕು.

ಕೂತ್ಕೋಪ್ಪ, ಇನ್ನೊಂದು ಫಾರಂ ತುಂಬಬೇಕು ಎಂದು ಅವನನ್ನು ಕುರ್ಚಿಯಲ್ಲಿ ಕೂರಿಸಿ ಬಾಗಿಲಿಗೆ ಅಡ್ಡ ನಿಂತು, ಹೊರಠಾಣೆಗೆ ಫೋನು ಮಾಡುವ ಅಗತ್ಯ ಕಾಣದೆ, ಯಾರಲ್ಲಿ, ಎಂದು ಕೂಗಿದೆನು. ಹೊರಠಾಣೆ ನಲವತ್ತು ಹೆಜ್ಜೆ ದೂರದಲ್ಲಿದೆ. 10-52ಕ್ಕೆ ಮುಖ್ಯ ಪೇದೆಯವರು ಬಂದರು. ಚಹಾ ಕುಡಿಯುತ್ತಿದ್ದವರು ಲೋಟ ಹಿಡಿದುಕೊಂಡೇ ಬಂದಿದ್ದರು. ಯುವಕನು ಅವರನ್ನು ಕಂಡ ತಕ್ಷಣ, ನನಗೇನೂ ಗೊತ್ತಿಲ್ಲ ಸಾರ್, ಭಾವ ಬರೆದುಕೊಟ್ಟಿದ್ದನ್ನ ಹೇಳಿದೆ ಅಷ್ಟೇ, ಒಂದು ಅಕ್ಷರ ಬಿಟ್ಟರೂ ಪೆಟ್ಟಿಗೆ ಕೊಡಲ್ಲ ಅಂದಿದ್ರು ಎಂದು ಜೇಬಿನಿಂದ ಚೀಟಿ ತೆಗೆದು ಮೇಜಿನ ಮೇಲಿಟ್ಟನು. ಭಾವ ಯಾರೆಂದು ಕೇಳಲಾಗಿ, ನಾಲ್ಕನೇ ಪ್ಲಾಟ್‌ಫಾರಂ ಎದುರಿನ ರಿಪೇರಿ ಅಂಗಡಿಯನ್ನು ಕೈ ಮಾಡಿ ತೋರಿಸಿದನು. ಉಪಕಾರಿಯ ಬಾಮೈದ ಅವನು.

11-10ಕ್ಕೆ ನಮ್ಮ ಕಂಪ್ಯೂಟರ್ ವಿಭಾಗದ ಹೆಣ್ಣುಮಗಳನ್ನು ಕರೆಸಲಾಯಿತು. ಅವಳನ್ನು ನಾನು ತಂಗಿ ಎಂದು ಕರೆಯುತ್ತೇನೆ. ಯಾರಿಗಾದರೂ ಪಾಸ್‌ವರ್ಡ್ ಕೊಟ್ಟಿದ್ರಾ ಎಂದು ಮೊದಲು ಕೇಳಿದಳು. ಸತ್ತರೂ ಇಲ್ಲ ಎಂದೆನು. ಪಟ್ಟಿಯ ಮೇಲಿನ ದೊಡ್ಡಕ್ಷರದ ಮೇಲೆ ಬಾಣ ಇಟ್ಟು, ಇದೇನಣ್ಣ ಎಂದಳು. ಅಕ್ಷರ ದೊಡ್ಡದು ಮಾಡುವ ಚೀಟಿ ಎಂದೆನು. ಅದನ್ನು ಬಿಚ್ಚಿ ತೋರಿಸಿದಳು. ವೆಬ್ ವಿಳಾಸ ಇರಬೇಕಾದ ಕಡೆ ಉದ್ದಕ್ಕೂ ಕಂಪ್ಯೂಟರಿನ ಆಜ್ಞೆಗಳು ಇದ್ದವು. ಮೊದಲ ಒಂಬತ್ತು ಸಾಲು ಅಕ್ಷರ ಹಿಗ್ಗಿಸೋಕೆ, ಅದು ನಿಜ, ಕೊನೆಯ ಎರಡು ಸಾಲು ಪುಟದಲ್ಲಿ ಏನೇನಿದೆಯೋ ಅಷ್ಟನ್ನೂ ಬಾಚಿ ಬೇರೆ ಒಂದು ವಿಳಾಸಕ್ಕೆ ಕಳಿಸೋಕೆ, ಎಂದು ಬೆರಳಿಟ್ಟು ಹೇಳಿದಳು.

ಪಾಸ್‌ವರ್ಡ್ ಇಲ್ಲದೆ ಒಳಗೆ ಹೇಗೆ ಬಂದ ಎಂದು ಮುಖ್ಯ ಪೇದೆಯವರು ಕೇಳಿದರು. ಬರಬೇಕಾಗಿಯೇ ಇಲ್ಲ ಸಾರ್, ಇವರು ಬಾಗಿಲು ತೆಗೆದು ಒಳಗೆ ಹೋದ ಮೇಲೆ ತಾನೇ ಇದನ್ನ ಒತ್ತೋದು, ಒತ್ತಿದ ಕೂಡಲೇ ಅದು ಗುಡುಗಣ್ಣನ ವೇಷ ಹಾಕ್ಕೊಂಡು ಆ ಪುಟದ ಒಳಗೆಲ್ಲ ಓಡಾಡುತ್ತೆ, ಇವರಿಗೆ ಕಾಣೋದೆಲ್ಲ ಅದಕ್ಕೂ ಕಾಣುತ್ತೆ ಎಂದು ಅವಳು ವಿವರಿಸಿದಳು. ಹೊಸದಾಗಿ ಏನೂ ಹಾಕಿಸಿಲ್ಲವಾದ್ದರಿಂದ ಕಂಪ್ಯೂಟರಿನ ಕಾವಲು ತಂತ್ರಾಂಶಕ್ಕೂ ಸುಳಿವು ಸಿಕ್ಕಿಲ್ಲ ಎಂದಳು. ಆಗ ನನಗೆ ಪೂರ್ತಿ ಅರ್ಥವಾಯಿತು. ನಾಟಕದಲ್ಲಿ ಕಿರೀಟ ತೊಟ್ಟವನು ಬಂದರೆ ದ್ವಾರಪಾಲಕ ಮುಖ ನೋಡುವುದಿಲ್ಲ, ಬಹುಪರಾಕ್ ಹೇಳಿ ಸರಿದು ನಿಲ್ಲುತ್ತಾನೆ. ಹದಿನಾಲ್ಕು ವರ್ಷ ಹೇಳಿದ್ದೇನೆ. ಈ ಸಲ ಕಿರೀಟವನ್ನು ಅವನ ತಲೆಗೆ ಇಟ್ಟವನೂ ನಾನೇ ಆಗಿರುತ್ತೇನೆ.

ಬೇರೆ ಯಾವ ಪುಟದಲ್ಲಿ ಒತ್ತಿದೀರಿ ಎಂದು ತಂಗಿ ಕೇಳಿದಳು. ದೂರದೂರಿನಲ್ಲಿ ದಾದಿಯಾಗಿರುವ ಮಗಳು ಭಾನುವಾರಕ್ಕೊಮ್ಮೆ ಇಮೇಲಿನಲ್ಲಿ ಉದ್ದನೆಯ ಪತ್ರ ಬರೆಯುತ್ತಾಳೆ. ಅದನ್ನು ನಾನು ಸೋಮವಾರ ಊಟದ ಹೊತ್ತಿನಲ್ಲಿ ಇದೇ ಕಂಪ್ಯೂಟರಿನಲ್ಲಿ ಓದುತ್ತೇನೆ. ಎರಡು ಪತ್ರದ ಮೇಲೆ ಒತ್ತಿದ್ದೆನು. ತಂಗಿ ಕುರ್ಚಿ ಎಳೆದು ಕುಳಿತು, ಆ ಚೀಟಿಯ ಚಿತ್ರ ತೆಗೆದು ಪೊಲೀಸರಿಗೆ ಕೊಟ್ಟು, ನಂತರ ಅಳಿಸಿ, ತೆರೆದಿದ್ದ ಎಲ್ಲ ಪುಟಗಳಿಂದ ನನ್ನನ್ನು ಲಾಗ್‌ಔಟ್ ಮಾಡಿಸಿ, ಎಲ್ಲ ಪಾಸ್‌ವರ್ಡುಗಳನ್ನು ನನ್ನ ಕೈಯಿಂದಲೇ ಬದಲಾಯಿಸಿದಳು. ಅದಕ್ಕೆ ಇಪ್ಪತ್ತಾರು ನಿಮಿಷ ಹಿಡಿಯಿತು. ನಾನು ಮಗಳಿಗೆ ಫೋನು ಮಾಡಿ ತಿಳಿಸಿದೆನು. ಪತ್ರದಲ್ಲಿ ಏನಿತ್ತಪ್ಪ, ಆಸ್ಪತ್ರೆ ಕ್ಯಾಂಟೀನಿನ ಸಾರು ಬೈದಿದ್ದೆ, ಕಳ್ಳನಿಗೂ ಗೊತ್ತಾಗಲಿ ಬಿಡು ಎಂದು ಅವಳು ನಕ್ಕಳು. ಅದರಿಂದ ನನಗೆ ಎಷ್ಟೋ ಸಮಾಧಾನವಾಯಿತು.

ಹಾಗಾದರೆ ಇಂಥ ಬುಕ್‌ಮಾರ್ಕ್‌ಲೆಟ್ ಎಲ್ಲವೂ ಕಳ್ಳಮಾಲೇ ಎಂದು ನಾನು ಕೇಳಿದ್ದಕ್ಕೆ ತಂಗಿ, ಹಾಗಲ್ಲ ಅಣ್ಣ, ನಾನೂ ಮೂರು ಇಟ್ಕೊಂಡಿದೀನಿ, ಒಂದೊಂದು ಸಾಲೂ ಓದಿ ಅರ್ಥ ಮಾಡ್ಕೊಂಡು ಇಟ್ಕೊಂಡಿದೀನಿ, ಓದೋಕೆ ಬರದಿದ್ರೆ ಓದೋಕೆ ಬರೋರನ್ನ ಕರೀಬೇಕು, ಕೊಟ್ಟವನ ಮುಖ ನೋಡಿ ಅಲ್ಲ ಎಂದಳು. ನನಗೂ ಅಂಥ ಒಂದು ಒಳ್ಳೆಯ ಚೀಟಿ ಮಾಡಿಕೊಡು, ಸಾಲುಸಾಲಾಗಿ ಓದಿ ಹೇಳು ಎಂದೆನು. ಅವಳು ನನ್ನ ಎಡಗೈ ಬೆರಳನ್ನು ಹಿಡಿದು ಕೀಲಿಮಣೆಯ ಕಂಟ್ರೋಲ್ ಮೇಲೆ ಇಟ್ಟು, ಬಲಗೈ ಬೆರಳನ್ನು ಪ್ಲಸ್ ಮೇಲೆ ಇಟ್ಟು ಒತ್ತಿಸಿದಳು. ಅಕ್ಷರ ದೊಡ್ಡದಾಯಿತು. ಇನ್ನೊಮ್ಮೆ ಒತ್ತಿದೆನು. ಇನ್ನೂ ದೊಡ್ಡದಾಯಿತು. ಇದು ಬ್ರೌಸರಿಗೆ ಹುಟ್ಟಿನಿಂದ ಇದೆ ಗುಡುಗಣ್ಣ ಎಂದಳು. ಮುಖ್ಯ ಪೇದೆಯವರು ಗೋಡೆಯ ಕಡೆ ತಿರುಗಿಕೊಂಡು ಆರಿಹೋಗಿದ್ದ ಚಹಾ ಮುಗಿಸಿದರು.

11-45ಕ್ಕೆ ಮೇಜಿನ ಗಾಜಿನ ಕೆಳಗಿನ ಚೀಟಿ ತೆಗೆದು ಕನ್ನಡಕದ ಅಮ್ಮನಿಗೆ ನಾನೇ ಫೋನು ಮಾಡಿದೆನು. ಗುಂಡಿ ನೀಲಿ, ತಪ್ಪು ನನ್ನದು, ದಯಮಾಡಿ ಬನ್ನಿ ಎಂದೆನು. ಅವರು, ಕಿಟಕಿ ಹತ್ರ ನೋಡಿದ್ರಾ ಎಂದು ಕೇಳಿ, ಬರುತ್ತೇನೆ ಎಂದರು. 12-10ಕ್ಕೆ ಉಪಕಾರಿಯನ್ನು ಅಂಗಡಿಯಿಂದ ಕರೆತಂದರು. ಅವನ ಮೇಜಿನ ಡ್ರಾಯರಿನಲ್ಲಿ ಸದರಿ ಕೈಗಡಿಯಾರ ಮತ್ತು ಕ್ಯಾಮೆರಾ ಸಿಕ್ಕಿರುತ್ತವೆ. ಎರಡೂ ಹಾಳಾಗಿಲ್ಲ. ಹಿತ್ತಾಳೆ ಅಂಚಿನ ಹಳೆಯ ಗಾಜುಗಳಿಗೆ ಸಂಗ್ರಹ ಮಾಡುವವರು ಕಾದಿದ್ದರೆಂದು ಅವನು ಹೇಳಿಕೊಂಡನು. ನನ್ನ ಮುಂದೆ ಹಾದು ಹೋಗುವಾಗ, ತಪ್ಪಾಯ್ತು ದೊಡ್ಡಪ್ಪ, ಆದ್ರೆ ನೀವು ಬರೆಯೋದನ್ನ ಓದೋಕೆ ಚೆನ್ನಾಗಿತ್ತು ಎಂದನು. ಕೋಪ ಬರಬೇಕಾದಷ್ಟು ಬರಲಿಲ್ಲವೆಂಬುದನ್ನೂ ದಾಖಲಿಸಬಹುದು.

12-25ಕ್ಕೆ ಕನ್ನಡಕದ ಅಮ್ಮ ಬಂದರು. ಆದರೆ ಆಗ ಸಬ್ ಇನ್ಸ್‌ಪೆಕ್ಟರ್ ಸಾಹೇಬರು, ಪೆಟ್ಟಿಗೆ ಈಗ ಮುದ್ದೆಮಾಲು, ಅಂದರೆ ಕೇಸಿಗೆ ಸೇರಿದ ವಸ್ತು, ನ್ಯಾಯಾಲಯ ಹೇಳುವವರೆಗೆ ಠಾಣೆಯ ಉಗ್ರಾಣದಲ್ಲಿರಬೇಕು ಎಂದರು. ಎಷ್ಟು ದಿನ ಎಂದು ಅಮ್ಮ ಕೇಳಿದರು. ದಿನದ ಲೆಕ್ಕ ಇಲ್ಲಮ್ಮ, ತಿಂಗಳ ಲೆಕ್ಕ ಎಂದರು. ಅಮ್ಮ ಬೆಂಚಿನ ತುದಿಯಲ್ಲಿ ಕುಳಿತುಕೊಂಡರು. ಅಳಲಿಲ್ಲ. ಹಾಗಾದ್ರೆ ನಾಳೆ ಎಂಟಕ್ಕೆ ಬರೀ ಕೈಯಲ್ಲಿ ಗೇಟಿನ ಹತ್ರ ನಿಂತ್ಕೊಂಡು ಒಬ್ಬೊಬ್ಬರಿಗೂ ಹೇಳ್ತೀನಿ, ಫೋನಲ್ಲಿ ಹೇಳೋದು ಸರಿಯಲ್ಲ ಎಂದರು. ಅದನ್ನು ಸಾಹೇಬರಿಗೆ ಹೇಳಿದರೋ, ನನಗೆ ಹೇಳಿದರೋ, ತಮಗೇ ಹೇಳಿಕೊಂಡರೋ ತಿಳಿಯಲಿಲ್ಲ.

ನಾನು ಎದ್ದು ನಿಂತು, ಜೀವನದಲ್ಲಿ ಮೊದಲ ಸಲ ತಗ್ಗಿದ ದನಿಯಲ್ಲಿ ವಿನಂತಿಸಿಕೊಂಡಿದ್ದೇನೆಂದರೆ, ಕಳ್ಳ ಸಿಕ್ಕಿಬಿದ್ದದ್ದು ಇನ್ನೂರ ಮೂವತ್ತೊಂದು ಗಾಜಿನಿಂದ ಅಲ್ಲ, ಒಂದು ಗುಂಡಿಯ ಬಣ್ಣದಿಂದ. ಪೆಟ್ಟಿಗೆಯನ್ನು ಆರೂ ಕಡೆಯಿಂದ ಫೋಟೊ ತೆಗೆಯಿರಿ, ಒಳಗಿನದನ್ನೂ ತೆಗೆಯಿರಿ, ಗುಂಡಿಯನ್ನು ಲಕೋಟೆಗೆ ಹಾಕಿ ಮೊಹರು ಮಾಡಿ ಇಟ್ಟುಕೊಳ್ಳಿರಿ. ಪೆಟ್ಟಿಗೆಯನ್ನು ಬಿಡಿರಿ. ಕೇಳಿದ ದಿನ ತಂದು ಒಪ್ಪಿಸುತ್ತೇನೆಂದು ಅಮ್ಮ ಬರೆದುಕೊಡಲಿ, ಅದರ ಕೆಳಗೆ ಜಾಮೀನಾಗಿ ನಾನು ಸಹಿ ಹಾಕುತ್ತೇನೆ. ಸಾಹೇಬರು ಮೇಲಿನವರಿಗೆ ಫೋನು ಮಾಡಿ ಏಳು ನಿಮಿಷ ಮಾತನಾಡಿದರು. ವಾಪಸು ಬಂದು, ಗುಂಡಿ ಸಾಕಂತೆ ಎಂದರು.

ಗುಂಡಿಯನ್ನು ಚಿಮುಟಿಯಿಂದ ಎತ್ತಿ ಲಕೋಟೆಗೆ ಹಾಕುವಾಗ ಅಮ್ಮನ ಮುಖ ಮತ್ತೆ ಕಂದಿತು. ಏನಮ್ಮಾ ಎಂದೆನು. ಅವರು ಹೇಳಿದ್ದೇನೆಂದರೆ, ಪರೀಕ್ಷೆ ಮಾಡುವಾಗ ತಮ್ಮ ಕಣ್ಣು ಎದುರು ಕುಳಿತವರ ಕಣ್ಣಿನ ಮೇಲೇ ಇರುತ್ತದೆ, ಗಾಜನ್ನು ಬೆರಳಿನಿಂದ ಎಣಿಸಿಯೇ ತೆಗೆಯುತ್ತಾರೆ. ಒಂದು ಗೂಡು ಖಾಲಿ ಇದ್ದರೆ ಪಕ್ಕದ ಗಾಜು ಅದರೊಳಕ್ಕೆ ವಾಲುತ್ತದೆ, ಎಣಿಕೆ ತಪ್ಪುತ್ತದೆ, ಒಬ್ಬರಿಗೆ ಬೇಕಾದ ಗಾಜು ಇನ್ನೊಬ್ಬರಿಗೆ ಹೋಗುತ್ತದೆ. ಗುಂಡಿ ಅಲ್ಲಿ ಸುಮ್ಮನೆ ಕುಳಿತಿರಲಿಲ್ಲ.

ಬರಹಗಾರರ ಮೇಜಿನ ಕತ್ತರಿ ತೆಗೆದುಕೊಂಡು ನಾನು ತೊಟ್ಟಿದ್ದ ಅಂಗಿಯ ಮೇಲಿನಿಂದ ಎರಡನೇ ಗುಂಡಿಯನ್ನು ಕತ್ತರಿಸಿ ಕೊಟ್ಟಿರುತ್ತೇನೆ. ಅಮ್ಮ ಅದನ್ನು ಎರಡು ಬೆರಳಿನ ನಡುವೆ ಒಮ್ಮೆ ತಿರುಗಿಸಿ ನೋಡಿ ಗೂಡಿಗೆ ಒತ್ತಿದರು. ಕಣ್ಣು ಮುಚ್ಚಿ ಮೂರನೇ ಸಾಲಿನ ಮೇಲೆ ಎಡದಿಂದ ಬೆರಳಾಡಿಸಿದರು. ಏಳನೆಯದರ ಮೇಲೆ ಬೆರಳು ನಿಂತಿತು. ಹ್ಞೂಂ, ಕೂತಿದೆ ಎಂದರು. ನಿಮ್ಮ ಮನೆಯವರು ಕೇಳಿದ್ರೆ ಏನಂತೀರಿ ಎಂದು ನನ್ನನ್ನು ಕೇಳಿದರು. ನಾಲ್ಕು ವರ್ಷ ಹುಡುಕಲಿ ಬಿಡಿ ಎಂದೆನು. ಅವರು ನಕ್ಕದ್ದನ್ನು ನಾನು ಕಂಡದ್ದು ಆಗಲೇ. 1-25ರ ಬಸ್ಸಿಗೆ, ಎರಡನೇ ಸೀಟಿನ ಕಿಟಕಿ ಪಕ್ಕ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟು ಎರಡೂ ಕೈ ಸುತ್ತಿ ಹಿಡಿದು ಹೊರಟರು. ಬಸ್ಸು ತಿರುಗುವವರೆಗೆ ನಾನು ಪ್ಲಾಟ್‌ಫಾರಂನಲ್ಲಿ ನಿಂತಿದ್ದು, ಅಂಗಿಯನ್ನು ಎದೆಯ ಹತ್ತಿರ ಕೈಯಿಂದ ಹಿಡಿದುಕೊಂಡು ಈ ಹೇಳಿಕೆ ಕೊಡಲು ವಾಪಸು ಬಂದಿರುತ್ತೇನೆ.

ಬಿಟ್ಟುಕೊಟ್ಟ ಪೆಟ್ಟಿಗೆಯ ಈಗಿನ ಗುರುತನ್ನೂ ಹೇಳಿಕೆಯಲ್ಲಿ ಸೇರಿಸಬೇಕೆಂದು ಬರಹಗಾರರು ತಿಳಿಸಿದರು. ಮೂರನೇ ಸಾಲು. ಏಳನೇ ಗೂಡು. ಗಾಜಿನ ಬದಲು ಗುಂಡಿ. ಯಾವ ಮಂತ್ರಿಯೂ ಇಲ್ಲ. ಬಣ್ಣವನ್ನು ಮಾತ್ರ ನಾನು ಹೇಳುವುದಿಲ್ಲ. ನನ್ನ ಅಂಗಿಯಲ್ಲಿ ಅದೇ ಜಾತಿಯ ಇನ್ನೂ ಐದು ಉಳಿದಿವೆ, ಬರಹಗಾರರು ಕಿಟಕಿಯ ಹತ್ತಿರ ಬಂದು ತಾವೇ ನೋಡಿ ಬರೆದುಕೊಳ್ಳಲಿ.

ಮೇಲೆ ಬರೆದದ್ದರಲ್ಲಿ ನಾನು ಕಂಡದ್ದು, ಕೇಳಿದ್ದು, ಮಾಡಿದ್ದು ಮತ್ತು ಮಾಡಬಾರದಿದ್ದರೂ ಮಾಡಿದ್ದು ಎಲ್ಲವೂ ಸೇರಿದೆ. ಬರಹಗಾರರು ಇದನ್ನು ಗಟ್ಟಿಯಾಗಿ ಓದಿದರು, ನಾನು ನಡುವೆ ಮೂರು ಸಲ ತಡೆದೆನು, ಅವರು ಪ್ರತಿಸಲವೂ ನಿಲ್ಲಿಸಿದಲ್ಲಿಂದಲೇ ಮುಂದುವರಿಸಿದರು. ನಾನು ಹೇಳಿದ್ದಕ್ಕೂ ಅವರು ಬರೆದಿದ್ದಕ್ಕೂ ವ್ಯತ್ಯಾಸವಿಲ್ಲವೆಂದು ಒಪ್ಪಿ ಸಹಿ ಮಾಡಿರುತ್ತೇನೆ.

ಸ್ಥಳ: ಬಸ್ ನಿಲ್ದಾಣದ ಹೊರಠಾಣೆ
ದಿನಾಂಕ: 17ನೇ ತಾರೀಖು, ಬುಧವಾರ, ಮಧ್ಯಾಹ್ನ 2-40
ಹೇಳಿಕೆ ಕೊಟ್ಟವರ ಸಹಿ: (ಸಹಿ ಇದೆ, ದೊಡ್ಡ ಅಕ್ಷರದಲ್ಲಿ)

ನನ್ನ ಸಮಕ್ಷಮ, ಠಾಣಾ ಬರಹಗಾರ: (ಸಹಿ)
ಗುಂಡಿಯ ಬಣ್ಣವನ್ನು ಕಿಟಕಿಯ ಬೆಳಕಿನಲ್ಲಿ ಖುದ್ದು ನೋಡಿ ಬರೆದದ್ದು: ಕಂದು.